ಕತ್ತೆಬಂಡೆಯ ಹತ್ತಿರ ನಿಂತುಹೋದ ಬೋಟು

"ಹಲೋ! … ಹಲೋ, ಯಾರು ಮಾತಾಡೋದು? … ಹಾಂ? ಯಾರು? … ಅಯ್ಯೋ, ಸೆವಸ್ತಿ ಅತ್ತೆನಾ! ಅತ್ತೆ, ನಾನು ಮಿಕೇಸ್, ನಿಮ್ಮ ಅಳಿಯ. ಭಾವನ ಫೋನು ನಿಮ್ಮ ಕೈಗೆ ಹೇಗೆ ಬಂತು? …

"… ಒಲೆ ಮುಂದೆ ಇದಾನಾ? ಮೇಕೆ ಬೆಂದಿದೆಯಾ ಅಂತ ನೋಡ್ತಿದಾನಾ? ಬೇಯ್ಲಿ ಬಿಡಿ ಅತ್ತೆ, ಅದು ಇನ್ನೆಲ್ಲಿಗೂ ಓಡಿಹೋಗಲ್ಲ. ಫೋನು ಅವನಿಗೆ ಕೊಡಿ. … ಚೆನ್ನಾಗಿದಾರೆ, ಅಮ್ಮ ಚೆನ್ನಾಗಿದಾರೆ, ಇಲ್ಲೇ ಪಕ್ಕದಲ್ಲಿ ಕೂತಿದಾರೆ. … ಮಂಡಿನೂ ಚೆನ್ನಾಗಿದೆ. … ಎರಡೂ ಮಂಡಿ. … ಅತ್ತೆ, ಮಂಡಿ ವಿಷಯ ಆಮೇಲೆ ಮಾತಾಡೋಣ, ಮೊದಲು ಭಾವನ್ನ ಕರೀರಿ. ಅರ್ಜೆಂಟು!"

ಮಿಕೇಸ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಹಿಡಿದು, ಎಂಜಿನ್ ಗುಂಡಿಯೊಳಗೆ ಸೊಂಟದವರೆಗೆ ಇಳಿದು ನಿಂತಿದ್ದ. ಮೇಲೆ ಜುಲೈ ತಿಂಗಳ ಬಿಸಿಲು, ಕೆಳಗೆ ಬಡಗಣ ಗಾಳಿಗೆ ತೊಟ್ಟಿಲ ಹಾಗೆ ತೂಗುವ ಬೋಟು. ಊರ ಬಂದರಿಗೂ ಸಂತ ಮರೀನಳ ನಡುಗಡ್ಡೆಗೂ ಸರಿಯಾಗಿ ಮಧ್ಯದಲ್ಲಿ, ಕತ್ತೆಬಂಡೆ ಎಂದು ಕರೆಯುವ ಕಲ್ಲಿನ ಪಕ್ಕದಲ್ಲಿ ಅವನು ಲಂಗರು ಹಾಕಿದ್ದ. ಬೋಟಿನ ಹಿಂಬದಿಯ ಹಲಗೆಯ ಮೇಲೆ ಅವನ ತಾಯಿ ಥೆಮೆಲಿನಾ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಕಪ್ಪು ಉಡುಪು ತೊಟ್ಟು, ಐದು ಹಬ್ಬದ ರೊಟ್ಟಿಗಳ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎದುರಿಗೆ ಪಾದ್ರಿ ಅನಾರ್ಗಿರೋಸ್ ಕೊಡೆ ಬಿಚ್ಚಿಕೊಂಡು, ಯಾರಿಗೂ ತೊಂದರೆ ಕೊಡದಂತೆ ಬೆವರುತ್ತಿದ್ದರು. ಬೋಟಿನ ಹೆಸರೂ ಥೆಮೆಲಿನಾ. ಅಪ್ಪ ಹೆಂಡತಿಯ ಹೆಸರನ್ನೇ ಇಟ್ಟಿದ್ದ, ಎರಡೂ ಅವನ ಮಾತು ಕೇಳುತ್ತಿರಲಿಲ್ಲ.

"… ಭಾವ! ಬಂದ್ಯಾ? ಕೇಳಿಸ್ಕೋ. ನಿಂತೋಯ್ತು. … ಏನು ಅಂದ್ರೆ? ಎಂಜಿನ್ ಮಾರಾಯ, ಬೋಟಲ್ಲಿ ಇನ್ನೇನು ನಿಲ್ಲುತ್ತೆ? … ಕತ್ತೆಬಂಡೆ ಹತ್ರ. … ಹೌದು, ಹೋದ ವರ್ಷದ ಜಾಗಾನೇ. ಒಂದು ಮಾರು ಆಚೆ ಈಚೆ ಇರಬಹುದು. … ನಗಬೇಡ. … ನೀನು ನಗ್ತಿಲ್ವಾ? ಮತ್ತೆ ಯಾರದು? … ಕಲೋತಿನಾನಾ? ನನ್ನ ಹೆಂಡ್ತಿನೇ? ಇರ್ಲಿ, ಮನೆಗೆ ಬಂದ್ಮೇಲೆ ಮಾತಾಡ್ತೀನಿ ಅಂತ ಹೇಳು ಅವಳಿಗೆ. … ಏನಂದ್ಲು? … ಮನೆಗೆ ಬಂದ್ರೆ ತಾನೇ ಅಂದ್ಲಾ? ಭೇಷ್. ನಿಮ್ಮನೆ ಹೆಣ್ಣು."

ನಗುವ ವಿಷಯವಾಗಿರಲಿಲ್ಲ, ಮಿಕೇಸನಿಗಂತೂ ಅಲ್ಲವೇ ಅಲ್ಲ. ಹಬ್ಬದ ಮುನ್ನಾದಿನ ಪಾದ್ರಿಗಳನ್ನು ನಡುಗಡ್ಡೆಯ ಪುಟ್ಟ ಇಗರ್ಜಿಗೆ ಕರೆದೊಯ್ಯುವುದು ಅವನ ಮನೆತನದ ಹಕ್ಕು. ಅಜ್ಜ ಹುಟ್ಟು ಹಾಕಿ ಒಯ್ದಿದ್ದ, ಅಪ್ಪ ಹಾಯಿ ಬಿಚ್ಚಿ ಒಯ್ದಿದ್ದ, ಇಬ್ಬರೂ ಒಂದು ಸಲವೂ ತಡಮಾಡಿರಲಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಇಟ್ಟುಕೊಂಡ ಮಿಕೇಸ್ ಮಾತ್ರ ಹೋದ ವರ್ಷ ನಡುನೀರಲ್ಲಿ ನಿಂತು, ಅದೇ ಊರಿನ ಬೋಟುಗಾರ ನೊಮಿಕೋಸನ ಬೋಟಿನ ಬಾಲಕ್ಕೆ ಹಗ್ಗ ಕಟ್ಟಿಸಿಕೊಂಡು ಊರೆಲ್ಲ ನೋಡುವಾಗ ದಡ ಸೇರಿದ್ದ. ನೊಮಿಕೋಸ್ ಆ ಸುದ್ದಿಯನ್ನು ಕಾಫಿ ಅಂಗಡಿಯಲ್ಲಿ ಒಂದಿಡೀ ವರ್ಷ ಬಡಿಸಿದ. ಕೊನೆಗೆ ಇಗರ್ಜಿ ಸಮಿತಿಯವರು ಕೂತು, ಇನ್ನೊಂದು ಸಲ ಮಿಕೇಸನನ್ನು ಎಳೆದು ತರುವ ಹಾಗಾದರೆ ಮುಂದಿನ ವರ್ಷದಿಂದ ನೊಮಿಕೋಸನೇ ಪಾದ್ರಿಗಳನ್ನು ತರಲಿ ಎಂದು ತೀರ್ಮಾನ ಮಾಡಿದ್ದರು. ಪ್ರಾರ್ಥನೆ ಏಳು ಗಂಟೆಗೆ. ಈಗ ಆರಕ್ಕೆ ಹತ್ತು ನಿಮಿಷ. ಉಳಿದಿದ್ದ ಒಂದೇ ದಾರಿ, ಮನೆಯವರೊಂದಿಗೆ ಬೆಳಿಗ್ಗೆಯೇ ನಡುಗಡ್ಡೆ ಸೇರಿ ಹಬ್ಬದ ಅಡುಗೆಗೆ ನಿಂತಿದ್ದ ಹೆಂಡತಿಯ ಅಣ್ಣ ಸಕೆಲ್ಲಾರಿಸ್. ಅವನು ವರ್ಷವಿಡೀ ದ್ವೀಪದ ಎಂಜಿನ್ ಮೆಕ್ಯಾನಿಕ್, ಹಬ್ಬದ ದಿನ ಮಾತ್ರ ಇಗರ್ಜಿಯ ಹಾಡುಗಾರ. ಎರಡೂ ಕೆಲಸದಲ್ಲಿ ಅವನ ಗಂಟಲೇ ಜೋರು.

"… ಹೇಗೆ ನಿಂತಿತು ಅಂದ್ರೆ, ಮೊದಲು ಕೆಮ್ಮಿತು. … ಹಾಂ, ಕೆಮ್ಮು. ಆಮೇಲೆ ಬಿಳೀ ಹೊಗೆ. ಆಮೇಲೆ ನಿಮ್ಮಪ್ಪ ಊಟ ಆದ್ಮೇಲೆ ಮಾಡ್ತಿದ್ರಲ್ಲ, ಆ ಥರ ಒಂದು ಶಬ್ದ. ಆಮೇಲೆ ಏನೂ ಇಲ್ಲ. … ಬಂದರಲ್ಲಿ ಚೆನ್ನಾಗೇ ಇತ್ತು ಭಾವ! ಅರ್ಧ ಗಂಟೆ ನಿಂತಲ್ಲೇ ಓಡಿಸಿ ನೋಡಿದೀನಿ, ಬೆಣ್ಣೆ ಥರ ಓಡ್ತಿತ್ತು. ಇಲ್ಲಿಗೆ ಬಂದ ತಕ್ಷಣ… ಅಮ್ಮ ಹೇಳ್ತಾರೆ ಈ ಜಾಗದಲ್ಲಿ ದೃಷ್ಟಿ ಇದೆ ಅಂತ. … ಸರಿ, ಸರಿ, ದೃಷ್ಟಿಗೆ ಸ್ಪ್ಯಾನರ್ ಇಲ್ಲ, ಗೊತ್ತು ನಂಗೂ. …

"… ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲಾ? ನೋಡ್ತಿದೀನಿ. … ಮೇಲ್ಗಡೆ ಡೀಸೆಲ್ ಇದೆ. ಅದರ ಕೆಳಗೆ ಕಪ್ಪಗೆ ಲೋಳೆ ಲೋಳೆ. ಅದರ ಕೆಳಗೆ ತಿಳಿ. … ತಿಳಿ ಅಂದ್ರೆ ತಿಳಿ ಮಾರಾಯ, ಲೋಟದಲ್ಲಿ ಕೊಟ್ರೆ ಕುಡಿದುಬಿಡ್ತೀಯ, ಅಷ್ಟು ತಿಳಿ. … ನೀರಾ? … ಅಷ್ಟೊಂದಾ? ಮುಕ್ಕಾಲು ಬಟ್ಟಲು ಇದೆಯಲ್ಲ! …

"… ಹಾಂ. … ಹಾಂ. ಅಂದ್ರೆ ನೀರು ಟ್ಯಾಂಕಿನ ತಳದಲ್ಲಿ ಕೂತಿರುತ್ತೆ. … ಬಂದರಲ್ಲಿ ಅಲುಗಾಟ ಇಲ್ಲ, ಸುಮ್ನೆ ಮಲಗಿರುತ್ತೆ. … ಇಲ್ಲಿ ಅಲೆ ಸಿಕ್ಕಿ ಕುಲುಕಿದ ತಕ್ಷಣ ಎದ್ದು ಪೈಪಿಗೆ ನುಗ್ಗುತ್ತೆ. … ಓಹೋ. ಉಳಿದ ದಿನ ನಾನು ಬಂದರು ಬಿಟ್ಟು ದೂರ ಬರಲ್ಲ, ಅದಕ್ಕೇ ಎರಡು ವರ್ಷಾನೂ ಇಲ್ಲೇ. … ಅಮ್ಮಾ, ಕೇಳಿಸ್ತಾ? ದೃಷ್ಟಿ ಅಲ್ಲವಂತೆ, ನೀರಂತೆ!"

ಥೆಮೆಲಿನಾ ರೊಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡಿದಳು. ಅದು ಮೊದಲೇ ಸರಿಯಾಗಿತ್ತು.

"… ಬಟ್ಟಲ ತಳದಲ್ಲಿ ಒಂದು ತಿರುಪು ಇದೆ, ಹೌದು. … ಎಡಕ್ಕಾ? ನಿನ್ನ ಎಡವಾ, ನನ್ನ ಎಡವಾ? … ಬೈಬೇಡ, ತಲೆಕೆಳಗಾಗಿ ಬಗ್ಗಿದೀನಿ ನಾನು. … ತಿರುಗ್ತಿಲ್ಲ. … ತಿರುಗ್ತಿಲ್ಲ ಭಾವ, ತುಕ್ಕು ಹಿಡಿದಿದೆ. … ಹೋದ ವರ್ಷ ಎಣ್ಣೆ ಹಚ್ಚು ಅಂದಿದ್ದೆ, ಹೌದು. ಹಚ್ಚಿದ್ದೆ. … ಆಲಿವ್ ಎಣ್ಣೆ. … ಮತ್ತೆ ನೀನು ಯಾವ ಎಣ್ಣೆ ಅಂತ ಹೇಳ್ಲೇ ಇಲ್ವಲ್ಲ! … ಬಂತು! ಬಂತು, ಬಿಡಿಸ್ಕೊಂತು! ಸ್ವಾಮಿ, ಒಂದು ಪಾತ್ರೆ ಕೊಡಿ ಬೇಗ! … ಅದಲ್ಲ ಸ್ವಾಮಿ, ಅದು ನಿಮ್ಮ ಪ್ರೋಕ್ಷಣೆ ಬಟ್ಟಲು. ಆ ಕಾಫಿ ಕಾಸೋ ಪಾತ್ರೆ ಕೊಡಿ. ಹಾಂ."

ಉದ್ದ ಹಿಡಿಯ ಪುಟ್ಟ ಕಾಫಿ ಪಾತ್ರೆ ತುಂಬಿತು. ಮೇಲೊಂದು ಲೋಟ ತುಂಬಿತು. ಬಳಿಕ ಟ್ಯಾಂಕಿನಿಂದ ಮತ್ತೆ ನೀರು ಇಳಿದು, ಬಟ್ಟಲು ಮೊದಲಿನಷ್ಟೇ ತಿಳಿಯಾಗಿ ನಿಂತಿತು.

"… ಮತ್ತೆ ನೀರು. … ಎರಡನೇ ಸಲಾನೂ ನೀರು ಭಾವ. ಬೋಟಿಗೆ ಡೀಸೆಲ್ ಹಾಕಿಸಿದೀನೋ ಬಾವಿ ತೋಡಿಸಿದೀನೋ ಒಂದೂ ಗೊತ್ತಾಗ್ತಿಲ್ಲ. … ಎಲ್ಲಿಂದ ಅಂದ್ರೆ ನಂಗೇನು ಗೊತ್ತು! ಡೀಸೆಲ್ ಕೊಟ್ಟವನೇ ನೀರು ಬೆರೆಸಿರಬೇಕು. … ಎಲ್ರೂ ಅಲ್ಲೇ ಹಾಕಿಸೋದಾ? … ಅವರ್ಯಾರದೂ ನಿಂತಿಲ್ವಾ? … ಸರಿ, ಹಾಗಾದ್ರೆ ಅವನಲ್ಲ. … ಮುಚ್ಚಳದ ರಬ್ಬರಾ? ನೀನು ಹೇಳಿದ ಮೇಲೆ ಹೊಸದು ಹಾಕಿದೀನಿ. ಮಳೆ ನೀರು ಒಂದು ತೊಟ್ಟೂ ಇಳಿಯಲ್ಲ. … ನಾನೇಕೆ ಸುಳ್ಳು ಹೇಳ್ಲಿ? ಮೂರು ತಿಂಗಳಿಂದ ಮಳೆ ಎಲ್ಲಿ ಬಂದಿದೆ? …

"… ಸರಿ, ಮೊದಲು ಇದನ್ನ ಚೆಲ್ಲಿ, ಇನ್ನೊಂದು ಸಲ ಬಿಡ್ತೀನಿ. ಒಂದು ನಿಮಿಷ—"

"ಚೆಲ್ಲಬೇಡ್ವೋ!" ಎಂದು ಥೆಮೆಲಿನಾ ಕೂಗಿದ ರಭಸಕ್ಕೆ ಪಾದ್ರಿಗಳ ಕೊಡೆ ಮಗುಚಿಕೊಂಡಿತು.

"… ಭಾವ, ಒಂದು ನಿಮಿಷ ಇರು. ಯಾಕಮ್ಮಾ ಚೆಲ್ಲಬಾರದು? … ಅಮ್ಮಾ, ನನ್ನ ಮುಖ ನೋಡಿ ಹೇಳು. ಕತ್ತೆಬಂಡೆ ನೋಡ್ಬೇಡ. … ಏನು ಅದು? … ಏನಂದೆ?"

ಆಗ ಅವನ ತಾಯಿ ಹೇಳಿದ್ದು ಇಷ್ಟು. ಗಂಡ ತೀರಿಹೋದ ವರ್ಷದಿಂದ, ಜನವರಿಯಲ್ಲಿ ಪಾದ್ರಿಗಳು ಸಮುದ್ರವನ್ನು ಹರಸುವ ಹಬ್ಬದಲ್ಲಿ ಮನೆಗೆ ತಂದ ತೀರ್ಥದಲ್ಲಿ ಒಂದು ಬಾಟಲಿಯನ್ನು ಅವಳು ಮಗನಿಗೆ ಗೊತ್ತಾಗದಂತೆ ಬೋಟಿನ ಟ್ಯಾಂಕಿಗೆ ಹೊಯ್ಯುತ್ತಿದ್ದಳು. ಅವನನ್ನು ಕಡಲು ನುಂಗದಿರಲಿ ಎಂದು. ಹೋದ ವರ್ಷ ಬೋಟು ನಿಂತಿತಲ್ಲ, ಒಂದು ಬಾಟಲಿ ಸಾಲದೇ ಹೋಯಿತು ಎಂದು ಅವಳಿಗೆ ಅನಿಸಿತು. ಆಮೇಲಿಂದ ಪ್ರತಿ ತಿಂಗಳ ಒಂದನೇ ತಾರೀಕು ಇಗರ್ಜಿಯಲ್ಲಿ ಹರಸಿದ ತೀರ್ಥ ಸಿಗುತ್ತದಲ್ಲ, ಅದನ್ನೂ ತಂದು ಹೊಯ್ಯತೊಡಗಿದಳು.

"… ಭಾವ. … ಇದೀನಿ, ಇದೀನಿ. ಕೂತ್ಕೊಂಡೆ ಅಷ್ಟೇ. … ನೀರು ಎಲ್ಲಿಂದ ಬಂತು ಅಂತ ಗೊತ್ತಾಯ್ತು. … ನಮ್ಮಮ್ಮ. … ತೀರ್ಥ. … ತೀ-ರ್ಥ. … ತಿಂಗಳಿಗೆ ಒಂದು ಬಾಟಲಿ, ಒಂದನೇ ತಾರೀಕಿಗೆ, ಸಂಬಳದ ಹಾಗೆ. … ಹಲೋ? … ಭಾವ, ಅಳ್ತಿದೀಯೋ ನಗ್ತಿದೀಯೋ? … ನೋಡು, ನಂಗೆ ಕೋಪ ಬಂದಿದೆ, ಆದ್ರೆ ಯಾರ ಮೇಲೆ ತೋರಿಸ್ಲಿ ಹೇಳು? ನಾನು ಮುಳುಗಬಾರದು ಅಂತ ಹೊಯ್ದಿದಾರೆ. ಮುಳುಗಿಲ್ಲ ನಿಜ. ಓಡೋದೂ ಇಲ್ಲ! …

"… ಆ ಕಪ್ಪು ಲೋಳೆನಾ? … ನೀರೂ ಡೀಸೆಲೂ ಸೇರೋ ಕಡೆ ಹುಟ್ಟುತ್ತಾ? … ಜೀವ ಇದೆಯಾ ಅದಕ್ಕೆ? … ಡೀಸೆಲ್ ತಿಂದು ಬೆಳೆಯುತ್ತಾ? … ಅಮ್ಮಾ, ಇಲ್ಲ, ಪವಾಡ ಅಲ್ಲ. ಪಾಚಿ. ಪಾಚಿ ಥರದ್ದು. ಶಿಲುಬೆ ಗುರುತು ಹಾಕ್ಬೇಡ ಅದಕ್ಕೆ! … ಭಾವ, ಅಮ್ಮ ಏನು ಹೇಳ್ತಾರೆ ಕೇಳು. ತೀರ್ಥ ಯಾವತ್ತೂ ಕೆಡಲ್ಲ, ಬಾಟಲಿಲಿ ಹತ್ತು ವರ್ಷ ಇಟ್ರೂ ಕೆಡಲ್ಲ, ಕೆಟ್ಟಿದ್ದು ನಿಮ್ಮ ಡೀಸೆಲ್ಲು ಅಂತಾರೆ. … ಪಾದ್ರಿಗಳೂ ಹೌದು ಅಂತಿದಾರೆ. ನೀರು ನೋಡು ಎಷ್ಟು ತಿಳಿಯಾಗಿದೆ, ಕೊಳೆಯೆಲ್ಲ ಮೇಲಿನದ್ದು ಅಂತಾರೆ. … ಈಗ ನೀನು ಹಾಡುಗಾರನಾಗಿ ಮಾತಾಡ್ತೀಯೋ ಮೆಕ್ಯಾನಿಕ್ ಆಗಿ ಮಾತಾಡ್ತೀಯೋ ಅದನ್ನ ಹೇಳು. … ಏನಂತೆ? ಪಾದ್ರಿಗಳು ಪಕ್ಕದಲ್ಲಿ ಇರೋವಾಗ ನೀನು ಹಾಡುಗಾರನಾ? ಹೇಡಿ."

ಪಾತ್ರೆಯಲ್ಲಿದ್ದುದನ್ನು ಏನು ಮಾಡುವುದು ಎಂಬ ಪ್ರಶ್ನೆ ಈಗ ಎದ್ದು ನಿಂತಿತು. ಡೀಸೆಲ್ ಬೆರೆತದ್ದನ್ನು ಕಡಲಿಗೆ ಸುರಿದರೆ ಬಂದರು ಪೊಲೀಸರು ಬಿಡುವುದಿಲ್ಲ. ಬೋಟಿನ ತಳಕ್ಕೆ ಸುರಿಯೋಣವೆಂದರೆ ಕಾಲು ತುಳಿಯುವ ಕಡೆ ತೀರ್ಥ ಚೆಲ್ಲುವಂತಿಲ್ಲ ಎಂದು ಪಾದ್ರಿಗಳು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದರು.

"… ಇಲ್ಲ ಭಾವ, ಸಮುದ್ರಕ್ಕೂ ಇಲ್ಲ, ತಳಕ್ಕೂ ಇಲ್ಲ. … ಗಿಡದ ಬುಡಕ್ಕೆ ಹಾಕಬಹುದಂತೆ. ಸ್ವಾಮಿ, ಇಲ್ಲಿ ಗಿಡ ಎಲ್ಲಿದೆ? … ಇಗರ್ಜಿ ಹಿಂದಿನ ಅಂಜೂರದ ಮರಕ್ಕಾ? ಸತ್ತುಹೋಗುತ್ತೆ ಸ್ವಾಮಿ, ಡೀಸೆಲ್ ಇದೆ ಇದರಲ್ಲಿ! … ಭಾವ, ಪಾತ್ರೆ ಮುಗೀತು. ಲೋಟ ಮುಗೀತು. ಅಮ್ಮನ ಕಾಫಿ ಫ್ಲಾಸ್ಕೂ ತುಂಬಿಸಿದೀನಿ. ಇನ್ನೂ ಬರ್ತಾನೇ ಇದೆ. ತಿಂಗಳಿಗೆ ಒಂದು ಬಾಟಲಿ ಅಂದ್ರೆ ಇಷ್ಟೊಂದು ಹೇಗೆ ಆಗುತ್ತೆ? … ಲೆಕ್ಕ ಸರಿಹೋಗ್ತಿಲ್ಲ, ಅಲ್ವಾ? ನಂಗೂ ಅದೇ ಅನ್ಸುತ್ತೆ. ಅಮ್ಮಾ, ಬಾಟಲಿ ಎಷ್ಟು ದೊಡ್ಡದು? … ಇಷ್ಟೇನಾ? ಮತ್ತೆ ಉಳಿದಿದ್ದು?"

ಪಾದ್ರಿ ಅನಾರ್ಗಿರೋಸ್ ಗಂಟಲು ಸರಿಮಾಡಿಕೊಂಡರು. ಇಪ್ಪತ್ತೆರಡು ವರ್ಷ ಜನರ ತಪ್ಪೊಪ್ಪಿಗೆ ಕೇಳಿದವರು ತಮ್ಮದನ್ನು ಹೇಳಲು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕೊಡೆಯ ಹಿಡಿಯನ್ನು ಎರಡು ಸಲ ತಿರುಗಿಸಿದರು.

"ಜನವರಿಲಿ ಬೋಟುಗಳನ್ನ ಹರಸೋಕೆ ಬಂದಿದ್ನಲ್ಲ ಮಿಕೇಸ್," ಎಂದರು. "ನಿಮ್ಮ ತಾಯಿ, ಟ್ಯಾಂಕಿಗೂ ಸ್ವಲ್ಪ ಹಾಕಿ ಸ್ವಾಮಿ ಅಂದ್ರು. ಬೋಟಿನ ಮೇಲೆ ಎರಡು ಮುಚ್ಚಳ ಇದ್ವು, ಎರಡೂ ಒಂದೇ ಥರ. ನಾನು ಕುಡಿಯೋ ನೀರಿನ ಟ್ಯಾಂಕು ಅಂದ್ಕೊಂಡೆ."

"… ಎಷ್ಟು ಹಾಕಿದ್ರಿ ಸ್ವಾಮಿ? … ಸ್ವಲ್ಪ ಅಂದ್ರೆ? … ಬಕೆಟ್ಟಾ? … ಭಾವ, ಬಕೆಟ್ಟಂತೆ. … ಪಾದ್ರಿಗಳೇ. … ಹೌದು, ಸ್ವತಃ. ಕೊನೇ ಬೋಟು ನಮ್ಮದಾಗಿತ್ತಂತೆ, ಉಳಿದಿದ್ದನ್ನ ಮತ್ತೆ ಹೊತ್ಕೊಂಡು ಹೋಗೋದು ಯಾಕೆ ಅಂತ ಪೂರ್ತಿ ಬಗ್ಗಿಸಿದ್ರಂತೆ. … ನೀನೀಗ ಮೆಕ್ಯಾನಿಕ್ ಆದ್ಯಾ? ಸ್ವಾಮಿಗಳಿಗೆ ಫೋನು ಕೊಡ್ಲಾ? ನನಗೆ ಬೈದ ಹಾಗೇ ಬೈತೀಯಾ ಅವರಿಗೆ? … ಬೇಡ್ವಾ? ಗೊತ್ತಿತ್ತು."

ಪಾದ್ರಿಗಳ ಮುಖ ನೋಡಿದರೆ ಮಿಕೇಸನಿಗೆ ಪಾಪ ಅನಿಸಿತು. ಆದರೂ ಒಳಗೊಂದು ಕಡೆ ಸಣ್ಣ ಸಮಾಧಾನವೂ ಆಯಿತು. ಅಜ್ಜನ ಕಾಲದ ಹಕ್ಕನ್ನು ಕಳೆದುಕೊಳ್ಳುವಷ್ಟು ಸೋಮಾರಿ ತಾನೆಂದು ಒಂದು ವರ್ಷದಿಂದ ತನ್ನನ್ನೇ ಬೈದುಕೊಂಡಿದ್ದ. ಹೆಂಡತಿಯೂ ಬಿಡುವಿದ್ದಾಗಲೆಲ್ಲ ಕೈಜೋಡಿಸಿದ್ದಳು. ಈಗ ನೋಡಿದರೆ ತಪ್ಪು ಅವನದಲ್ಲ, ಅವನ ಮೇಲೆ ಪ್ರೀತಿ ಇಟ್ಟವರದು. ಆದರೆ ಸಮಿತಿಗೆ ಇದನ್ನು ಹೇಳಿದರೆ ನಂಬುವವರು ಯಾರು? ಅವರಿಗೆ ಬೋಟು ಯಾವುದು ಮುಂದೆ ಬಂತು, ಯಾವುದು ಹಿಂದೆ ಬಂತು ಎನ್ನುವುದಷ್ಟೇ ಮುಖ್ಯ.

"… ಏನು? … ಯಾರು ಹೊರಟಿದಾರೆ? … ನೊಮಿಕೋಸಾ? ಅವನಿಗೆ ಯಾರು ಹೇಳಿದ್ದು? … ಅತ್ತೆನಾ! ಅಯ್ಯೋ ಅತ್ತೆ! ಹೋಗಿ ಹೋಗಿ ಅವನ ಹತ್ರ! … ಪಾಪ ಅಳಿಯ ಬಿಸಿಲಲ್ಲಿ ಕೂತಿದಾನೆ ಅಂತಾ? ಬಿಸಿಲಲ್ಲಿ ಕೂತು ಒಣಗಿ ಹೋಗ್ತೀನಿ ಭಾವ, ಅವನ ಹಗ್ಗ ಮಾತ್ರ ಮುಟ್ಟಲ್ಲ. … ಹೌದು, ಕಾಣ್ತಿದೆ. ನಡುಗಡ್ಡೆ ಕೊಲ್ಲಿ ದಾಟಿ ಈಚೆ ಬಂದ. ಹಗ್ಗ ಸುತ್ತಿ ಬೋಟಿನ ಮೂತಿ ಮೇಲೇ ಇಟ್ಕೊಂಡು ಬರ್ತಿದಾನೆ, ಮದುವೆಗೆ ಹೂವು ತರೋ ಹಾಗೆ. … ಎಷ್ಟು ಹೊತ್ತಿದೆ? ಕಾಲು ಗಂಟೆ? ಅಷ್ಟೂ ಇಲ್ಲ. ಭಾವ, ಏನಾದ್ರೂ ಮಾಡು. ನಮ್ಮಪ್ಪನ ಮುಖ ನೋಡಾದ್ರೂ ಮಾಡು. …

"… ಟ್ಯಾಂಕನ್ನ ಬಿಟ್ಟುಬಿಡಬೇಕಾ? … ಒಳ್ಳೇ ಡೀಸೆಲ್ ಬೇರೆ ಇದೆಯಾ ಅಂದ್ರೆ… ಇಲ್ಲ. … ಇದೆ! ಜನರೇಟರಿಗೆ ಅಂತ ಸಮಿತಿಯವರು ಕೊಟ್ಟ ಕ್ಯಾನು! ರಾತ್ರಿ ದೀಪಕ್ಕೆ, ಹಾಡಿಗೆ. ತುಂಬಾ ಇದೆ. … ಅದರಲ್ಲಿ ಸ್ವಲ್ಪ ಕುಡಿದ್ರೆ ಏನೂ ಆಗಲ್ಲ ಅಲ್ವಾ? ಎರಡು ಕುಣಿತ ಕಮ್ಮಿ ಆಗುತ್ತೆ ಅಷ್ಟೇ. … ಪೈಪು ಬಿಚ್ಚಿ ನೇರ ಕ್ಯಾನಿಗೆ ಇಳಿಸ್ಲಾ? … ವಾಪಸ್ ಬರೋ ಪೈಪೂ ಕ್ಯಾನಿಗೇ. ಸರಿ. … ಒಂದು ನಿಮಿಷ. ಒಂದೇ ನಿಮಿಷ ಭಾವ. ಅಮ್ಮಾ. ಇಲ್ಲಿ ನೋಡು. ಈ ಕ್ಯಾನಿಗೆ ಏನಾದ್ರೂ…? … ಅಮ್ಮಾ! … ಆಣೆ ಮಾಡು. … ಆಣೆ ಯಾಕೆ ಮಾಡಲ್ಲ? … ಎಷ್ಟು? … ಭಾವ, ಇದಕ್ಕೂ ಮೂರು ಹನಿ ಬಿದ್ದಿದೆಯಂತೆ. ಹಾಡು ಚೆನ್ನಾಗಿ ಬರ್ಲಿ ಅಂತ. … ಮೂರು ಹನಿ ಪರವಾಗಿಲ್ವಾ? … ಪೈಪು ತಳ ಮುಟ್ಟಬಾರದು, ಒಂದು ಬೆರಳು ಮೇಲೆ. ಕ್ಯಾನು ಅಲ್ಲಾಡಬಾರದು. ಸ್ವಾಮಿ, ಇಲ್ಲಿ ಬನ್ನಿ. ಇದನ್ನ ತಬ್ಕೊಂಡು ಕೂತ್ಕೊಳ್ಳಿ. … ಗಟ್ಟಿಯಾಗಿ. ಮಗೂನ ಹಿಡಿದ ಹಾಗೆ. ಕೊಡೆ ಅಮ್ಮನಿಗೆ ಕೊಡಿ."

ಪಾದ್ರಿಗಳು ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಕ್ಯಾನನ್ನು ಕಾಲುಗಳ ನಡುವೆ ಸಿಕ್ಕಿಸಿ ಎರಡೂ ತೋಳಿಂದ ತಬ್ಬಿಕೊಂಡರು. ಬಕೆಟ್ಟಿನ ಪ್ರಾಯಶ್ಚಿತ್ತ ಇಷ್ಟು ಬೇಗ ಬರುತ್ತದೆಂದು ಅವರು ಎಣಿಸಿರಲಿಲ್ಲವೇನೋ, ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಮಿಕೇಸ್ ಹಳೆಯ ಫಿಲ್ಟರನ್ನು ಕಿತ್ತು, ಇದ್ದ ಒಂದೇ ಒಂದು ಹೊಸದನ್ನು ಹಾಕಿದ. ಕಿತ್ತದ್ದು ಕರಿ ಹಲ್ವದ ಮುದ್ದೆಯ ಹಾಗಿತ್ತು. ಅದನ್ನು ಎಲ್ಲಿಡುವುದೆಂದು ತಾಯಿಯ ಕಡೆ ನೋಡಿದ. ಅವಳು ರೊಟ್ಟಿಯ ಬಟ್ಟೆಯ ಒಂದು ತುದಿ ಹರಿದು ಕೊಟ್ಟಳು.

"… ಫಿಲ್ಟರ್ ಆಯ್ತು. ಈಗ ಏರ್ ತೆಗೀಬೇಕಲ್ವಾ? … ಮೇಲಿನ ಸ್ಕ್ರೂ ಸಡಿಲಿಸಿದೆ. ಪಂಪು ಒತ್ತುತಿದೀನಿ. … ಗುಳ್ಳೆ ಬರ್ತಿದೆ. … ಇನ್ನೂ ಗುಳ್ಳೆ. … ಒತ್ತುತಿದೀನಿ ಭಾವ, ಹೆಬ್ಬೆಟ್ಟು ಹೋಯ್ತು ನಂದು. … ಎಲ್ಲಿದಾನೆ ಅವನು? ಅಮ್ಮಾ, ನೊಮಿಕೋಸ್ ಎಲ್ಲಿ ಬಂದ? … ಮೀಸೆ ಕಾಣ್ತಿದೆಯಾ? ಇನ್ನೂ ಇಲ್ವಾ? ಮೀಸೆ ಕಂಡಾಗ ಹೇಳು. … ಭಾವ, ಗುಳ್ಳೆ ಕಮ್ಮಿ ಆಯ್ತು. … ನಿಂತಿತು. ಬರೀ ಡೀಸೆಲ್. ಕೆಂಪಗೆ, ಚೆನ್ನಾಗಿದೆ. … ಬಿಗಿ ಮಾಡಿದೆ. … ಅಮ್ಮಾ, ಏನು? … ಮೀಸೆ ಕಾಣ್ತಂತೆ! ಭಾವ, ಬೀಗದ ಕೈ ತಿರುಗಿಸ್ತೀನಿ. … ತಿರುಗಿಸ್ಲಾ? … ಸ್ವಾಮಿ, ಏನಾದ್ರೂ ಹೇಳ್ಕೊಳ್ಳಿ. ಬಾಯಲ್ಲಿ ಮಾತ್ರ ಸಾಕು, ಏನೂ ಚಿಮುಕಿಸ್ಬೇಡಿ!"

ಎಂಜಿನ್ ಒಂದು ಸಲ ಕೆಮ್ಮಿತು. ಎರಡನೇ ಸಲ ಕೆಮ್ಮಿತು. ಮೂರನೇ ಸಲಕ್ಕೆ ಕಪ್ಪು ಹೊಗೆಯನ್ನು ಉಗುಳಿ, ಇಡೀ ಬೋಟನ್ನು ನಡುಗಿಸಿ, ಹಿಡಿದುಕೊಂಡಿತು.

"… ಕೇಳಿಸ್ತಾ? ಕೇಳಿಸ್ತಾ ಭಾವ? ಇರು, ಫೋನನ್ನ ಹತ್ರ ಹಿಡೀತೀನಿ. … ಕೇಳಿದ್ಯಾ! ನಿನ್ನ ಹಾಡಿಗಿಂತ ಚೆನ್ನಾಗಿದೆ! … ಅಳ್ತಿಲ್ಲ ನಾನು. ಹೊಗೆ. … ಹೊಗೆ ಅಂದ್ನಲ್ಲ. … ಲಂಗರು ಎತ್ತಿದೆ. ಆರೂವರೆ. ಏಳಕ್ಕೆ ಮುಂಚೆ ಬಂದ್ಬಿಡ್ತೀವಿ. ಸ್ವಾಮಿ ಕ್ಯಾನು ಬಿಡಬೇಡಿ, ಹಾಗೇ ತಬ್ಕೊಂಡಿರಿ, ದಡ ಬರೋವರೆಗೂ. … ಹಾಂ? ನೊಮಿಕೋಸಾ? ಬರ್ತಿದಾನೆ, ಬರ್ಲಿ. ಕೈ ಬೀಸಿ ಮುಂದೆ ಹೋಗ್ತೀನಿ. ಒಂದು ವರ್ಷದಿಂದ ಕಾಯ್ತಿದೀನಿ ಈ ಕೈ ಬೀಸೋಕೆ. …

"… ಇರು. … ಇರು ಇರು ಇರು. … ಏನಾಯ್ತು ಅವನಿಗೆ? … ಹೊಗೆ ಬರ್ತಿದೆ. … ಬಿಳೀ ಹೊಗೆ. … ಭಾವ, ನೊಮಿಕೋಸ್ ನಿಂತ. … ಆಣೆ ಮಾಡ್ತೀನಿ, ನಿಂತುಬಿಟ್ಟ! ಇನ್ನೂರು ಗಜ ದೂರದಲ್ಲಿ, ಅಡ್ಡಡ್ಡ ತಿರುಗಿ ನಿಂತಿದಾನೆ!"

ಮಿಕೇಸನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಲಿಲ್ಲ, ಗುಂಡಿಯ ಮುಚ್ಚಳದ ಮೇಲೆ ನಿಂತು ಎರಡು ಹೆಜ್ಜೆ ಹಾಕಿಯೇಬಿಟ್ಟ. ಆಮೇಲೆ ತಿರುಗಿ ತಾಯಿಯನ್ನು ನೋಡಿದ. ಥೆಮೆಲಿನಾ ಕೊಡೆಯನ್ನು ತನ್ನ ಮುಖಕ್ಕೂ ಮಗನಿಗೂ ನಡುವೆ ಇಳಿಸಿಕೊಂಡಿದ್ದಳು.

"… ಭಾವ, ಒಂದು ನಿಮಿಷ. … ಅಮ್ಮಾ, ಕೊಡೆ ಎತ್ತು. … ಎತ್ತಮ್ಮಾ. … ಯಾವಾಗ? … ಇವತ್ತು ಬೆಳಿಗ್ಗೆನಾ? … ಬಂದರಲ್ಲಿ ಪಕ್ಕ ಪಕ್ಕ ಕಟ್ಟಿದ್ದಾಗ? … ಎಷ್ಟು? … ಎರಡು ಬಾಟಲಿ! ನನಗೆ ಒಂದು, ಅವನಿಗೆ ಎರಡಾ? … ಅವನ ಕಣ್ಣು ಕೆಟ್ಟದ್ದು, ಅದಕ್ಕೇ ಜಾಸ್ತಿ ಬೇಕಾಗಿತ್ತು ಅಂತೀಯಾ. … ಶುದ್ಧ ಆಗ್ಲಿ ಅಂತ. … ಭಾವ, ಕೇಳಿಸ್ಕೊಂಡ್ಯಾ? ಬೆಳಿಗ್ಗೆ ಗಾಳಿ ಇರ್ಲಿಲ್ಲ, ಸಮಿತಿಯವರನ್ನ ಕರ್ಕೊಂಡು ತಣ್ಣಗೆ ದಾಟಿಬಿಟ್ಟ. ಈಗ ಅಲೆ ಎದ್ದಿದೆ. … ನಗು, ನಗು. ಇವತ್ತು ಎಲ್ರೂ ನಗಬಹುದು. …

"… ಇಲ್ಲ, ಅವನು ನಿಂತಿರೋ ಕಡೆ ಲಂಗರು ಹಿಡಿಯಲ್ಲ, ಅಲ್ಲಿ ಆಳ. ಗಾಳಿ ಅವನನ್ನ ಕತ್ತೆಬಂಡೆ ಕಡೆಗೇ ತಳ್ತಿದೆ."

ನೊಮಿಕೋಸ್ ಎಂಜಿನ್ ಗುಂಡಿಯೊಳಗೆ ತಲೆ ಹಾಕಿ ಬಗ್ಗಿದ್ದ. ದೊಡ್ಡ ಮೈಯ ಮನುಷ್ಯ, ಹಬ್ಬದ ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಹೋದ ವರ್ಷ ತಾನು ಹಾಗೇ ಬಗ್ಗಿದ್ದು, ದಡದಲ್ಲಿ ನಿಂತವರಿಗೆಲ್ಲ ತನ್ನ ಬೆನ್ನೇ ಕಾಣುತ್ತಿದ್ದುದು ಮಿಕೇಸನ ನೆನಪಿಗೆ ಬಂತು. ಖುಷಿ ಹೋಗಲಿಲ್ಲ, ಆದರೆ ಅದರ ರುಚಿ ಕೊಂಚ ಕೆಟ್ಟಿತು. ಬಿಟ್ಟು ಮುಂದೆ ಹೋದರೂ ಪ್ರಾರ್ಥನೆಗೆ ಸರಿಯಾಗಿ ತಲುಪುತ್ತಿದ್ದ, ಹಕ್ಕು ಉಳಿಯುತ್ತಿತ್ತು. ಚುಕ್ಕಾಣಿಯನ್ನು ಅವನು ಬಲಕ್ಕೆ ತಿರುಗಿಸಿದ.

"… ಏನು ಮಾಡೋದು ಅಂದ್ರೆ? ಎಳ್ಕೊಂಡು ಬರ್ತೀನಿ. ಬಂಡೆ ಮೇಲೆ ಬಿಟ್ಟು ಬರೋಕಾಗುತ್ತಾ? … ಇಲ್ಲ, ನಗಲ್ಲ ನಾನು. ಇವತ್ತು ನಗಲ್ಲ. ನಾಳೆ ನೋಡೋಣ. … ಸಮಿತಿಯವರೆಲ್ಲ ದಡದಲ್ಲೇ ನಿಂತಿದಾರಾ? … ಏನಾಯ್ತು ಅಂತ ಕೇಳ್ತಿದಾರಾ? ಏನೂ ಹೇಳ್ಬೇಡ. ಮುಂದೆ ಯಾವ ಬೋಟು, ಹಿಂದೆ ಯಾವ ಬೋಟು, ಕಣ್ಣಿದೆ, ನೋಡ್ಕೊಳ್ಳಲಿ. …

"… ಹತ್ರ ಬಂದ್ವಿ. ನೊಮಿಕೋಸಾ! ಆ ಹಗ್ಗ ಎಸಿ ಇತ್ಲಾಗೆ! … ಹೌದು, ಅದೇ ಹಗ್ಗ! … ಸಿಕ್ತು ಭಾವ, ಕಟ್ತಿದೀನಿ. … ಮುಖ ನೋಡ್ಬೇಕು ನೀನು. ಪಾದ್ರಿಗಳು ಕ್ಯಾನು ತಬ್ಕೊಂಡಿರೋದು ನೋಡಿ ನಮಸ್ಕಾರ ಹಾಕೋದೂ ಮರೆತಿದಾನೆ. … ಏನೋ ಕೂಗ್ತಿದಾನೆ. ಏನಂದೆ ನೊಮಿಕೋಸಾ? … ಎಂಜಿನ್‌ಗೆ ಏನಾಗಿದೆ ಅಂತಾ? ಟ್ಯಾಂಕಲ್ಲಿ ನೀರು ಕಣೋ, ನೀರು! ಗಾಜಿನ ಬಟ್ಟಲು ನೋಡು! … ಹಾಂ, ಕಾಣ್ತಾ? … ಏನು? …

"… ಭಾವ, ನೀರು ಎಲ್ಲಿಂದ ಬಂತು ಅಂತ ಕೇಳ್ತಿದಾನೆ. … ಅಮ್ಮ ಮತ್ತೆ ಕೊಡೆ ಇಳಿಸಿದ್ರು. … ಸ್ವಾಮಿಗಳು ಕಣ್ಣು ಮುಚ್ಚಿದ್ರು. … ಎರಡು ಬೋಟು ನಡುವೆ ಬರೀ ಹಗ್ಗ ಇದೆ, ಉತ್ತರ ಕಾಯ್ಕೊಂಡು ನಿಂತಿದಾನೆ. ಬೇಗ ಹೇಳು, ಏನು ಹೇಳ್ಲಿ? … ಹಲೋ? … ಭಾವ? … ಭಾವ, ಇಡ್ಬೇಡ! … ಹಲೋ?"